ಅತ್ತೆ ಪ್ರಶ್ನೆ ಕೇಳದ ಪುಟ

ಹೋದ ತಿಂಗಳು ತಿಪಟೂರಿನ ಕೊಬ್ಬರಿ ಮಂಡಿಯ ಎದುರು ಬಸ್ಸಿಗಾಗಿ ನಿಂತಿದ್ದೆ. ಲಾರಿಗೆ ಚೀಲ ಏರಿಸುತ್ತಿದ್ದರು. ಒಂದು ಚೀಲದ ಹೊಲಿಗೆ ಬಿಚ್ಚಿಕೊಂಡು ಉಂಡೆ ಕೊಬ್ಬರಿ ರಸ್ತೆಯ ತುಂಬ ಉರುಳಿತು. ಅಟ್ಟದ ಹೊಗೆ ಕುಡಿದ ಆ ಎಣ್ಣೆ ವಾಸನೆ ಮೂಗಿಗೆ ಬಡಿಯಿತು. ನನ್ನ ಕೈಚೀಲದಲ್ಲಿ ಆವತ್ತು ತಾನೇ ಯಾರೋ ಕೊಟ್ಟ ಆತ್ಮಕಥೆಯೊಂದಿತ್ತು, ನಿವೃತ್ತ ಅಧಿಕಾರಿಯೊಬ್ಬರದು. ಮೊದಲ ಪುಟದಲ್ಲೇ ‘ಇಲ್ಲಿ ಒಂದಕ್ಷರವೂ ಸುಳ್ಳಿಲ್ಲ’ ಎಂದು ಬರೆದುಕೊಂಡಿದ್ದರು. ಯಾರೂ ಕೇಳದೇ ಇರುವಾಗ ಈ ಮನುಷ್ಯ ಯಾಕೆ ಆಣೆ ಇಡುತ್ತಿದ್ದಾನೆ ಎಂದು ನನಗೆ ಆಗಲೇ ಅನುಮಾನ ಶುರುವಾಗಿತ್ತು.

ಆದರೂ ಬಸ್ಸಿನಲ್ಲಿ ಕೂತದ್ದೇ ಓದತೊಡಗಿದೆ. ಕಾದಂಬರಿ ಕೊಟ್ಟರೆ ವಾರಗಟ್ಟಲೆ ಮೇಜಿನ ಮೇಲೆ ಬಿದ್ದಿರುತ್ತದೆ. ನಡೆದದ್ದನ್ನು ಬರೆದಿದ್ದೇನೆ ಎಂದು ಯಾರಾದರೂ ಹೇಳಿಕೊಂಡರೆ ಸಾಕು, ಅನ್ನ ನೀರು ಬಿಟ್ಟು ಕೂರುತ್ತೇನೆ. ಭಕ್ತಿಯಿಂದಲ್ಲ, ಪತ್ತೇದಾರಿಕೆಗೆ. ಎಲ್ಲಿ ಮುಚ್ಚಿಟ್ಟಿದ್ದಾನೆ, ಎಲ್ಲಿ ಉಬ್ಬಿಸಿದ್ದಾನೆ, ಹೆಂಡತಿಯ ಬಗ್ಗೆ ಯಾಕೆ ಎರಡೇ ಸಾಲು ಬರೆದಿದ್ದಾನೆ ಎಂದು ಹುಡುಕುವುದರಲ್ಲಿ ನನಗೊಂದು ಸುಖವಿದೆ. ಈ ಚಟ ಹತ್ತಿಸಿದ್ದು ನನ್ನ ಅತ್ತೆ ಹೊನ್ನಮ್ಮ. ಅವರಿಗೆ ಓದಲು ಬರುತ್ತಿರಲಿಲ್ಲ.

ನಾನು ಮದುವೆಯಾಗಿ ಶೆಟ್ಟಿಕೆರೆಯಿಂದ ಎರಡು ಮೈಲಿ ಒಳಗಿದ್ದ ಅವರ ಹಳ್ಳಿಗೆ ಬಂದು ಆಗ ಎರಡು ವರ್ಷವಾಗಿತ್ತು. ಎಪ್ಪತ್ತೊಂಬತ್ತೋ ಎಂಬತ್ತೋ, ಖಂಡಿತವಾಗಿ ಹೇಳಲಾರೆ. ಇಷ್ಟು ವರ್ಷದ ಮೇಲೆ ಖಂಡಿತವಾಗಿ ಹೇಳುವವರನ್ನು ನೀವೂ ನಂಬಬೇಡಿ. ಆ ವರ್ಷ ನಮ್ಮ ಕಡೆಗೆ ಅಪರೂಪವಾದ ಜಡಿಮಳೆ ಹಿಡಿದಿತ್ತು ಎಂಬುದು ಮಾತ್ರ ನೆನಪಿದೆ. ವರ್ಷವಿಡೀ ಅಟ್ಟದ ಮೇಲೆ ಒಣಗಿ ಒಳಗೇ ಕೊಬ್ಬರಿಯಾದ ಕಾಯಿಗಳನ್ನು ಇಳಿಸಿ, ಸುಲಿದು, ಚಿಪ್ಪು ಒಡೆಯುವ ಕಾಲ. ಅಂಗಳದಲ್ಲಿ ನಡೆಯಬೇಕಾದ ಕೆಲಸ ಮಳೆಯ ದೆಸೆಯಿಂದ ಪಡಸಾಲೆಗೆ ಬಂದಿತ್ತು. ಐದಾರು ಹೆಂಗಸರು ಗೋಡೆಗೆ ಒರಗಿ ಕೂತು, ಸಣ್ಣ ಮಚ್ಚಿನ ಹಿಂಬದಿಯಿಂದ ಕಾಯಿಯ ಸುತ್ತ ತಟ್ಟುತ್ತಾ, ಒಳಗಿನ ಉಂಡೆಗೆ ಏಟು ತಾಗದಂತೆ ಚಿಪ್ಪು ಬಿಡಿಸುತ್ತಿದ್ದರು. ನನ್ನ ಕೈಗೆ ಬಂದ ಉಂಡೆಗಳು ಮಾತ್ರ ಎರಡಾಗುತ್ತಿದ್ದವು. ಮೂರನೇ ದಿನ ಅತ್ತೆ ಮಚ್ಚು ಕಿತ್ತುಕೊಂಡರು.

“ನೀನು ಕೊಬ್ಬರಿ ಒಡೀಬ್ಯಾಡ ಕಣೇ ಸುಸೀಲ. ನಿನ್ ಗಂಡ ತಂದು ಹಾಕವ್ನಲ್ಲ ಪುಸ್ತಕ, ಅದ್ನ ಓದು. ನಮ್ಗೂ ಹೊತ್ತು ಹೋಯ್ತದೆ” ಎಂದರು.

ನನ್ನ ಗಂಡ ಚಿಕ್ಕನಾಯಕನಹಳ್ಳಿಯ ಹೈಸ್ಕೂಲಿನಲ್ಲಿ ಮೇಷ್ಟರು. ಶನಿವಾರ ಬರುವಾಗ ಅಲ್ಲಿಯ ಲೈಬ್ರರಿಯಿಂದ ನನಗೆಂದು ಎರಡು ಮೂರು ಪುಸ್ತಕ ತರುತ್ತಿದ್ದರು. ಮೊದಲು ಒಂದು ಕಾದಂಬರಿ ತೆಗೆದೆ. ನಾಯಕಿ ಕಿಟಕಿಯ ಪಕ್ಕ ನಿಂತು ನಿಟ್ಟುಸಿರು ಬಿಡುತ್ತಿದ್ದಳು. ಎರಡು ಪುಟವಾಗುವಷ್ಟರಲ್ಲಿ ಅತ್ತೆ ಕೇಳಿದರು: “ಇದು ನಡೆದದ್ದಾ?”

“ಇಲ್ಲ ಅತ್ತೆ, ಕಟ್ಟಿ ಬರೆದದ್ದು.”

“ಹಂಗಾದ್ರೆ ಬುಡು. ಇಲ್ದೆ ಇರೋಳ ನಿಟ್ಟುಸ್ರು ಕಟ್ಕೊಂಡು ನಮಗೇನಾಗ್ಬೇಕು? ನಿಜವಾಗ್ಲೂ ನಡ್ದದ್ದು ಏನಾರ ಇದ್ರೆ ಓದು.”

ಹೀಗೆ ಶುರುವಾಯಿತು. ಅದೊಂದು ಮಳೆಗಾಲದಲ್ಲಿ ನಾನು ಎಷ್ಟು ಜನರ ಜೀವನವನ್ನು ಗಟ್ಟಿಯಾಗಿ ಓದಿದೆನೋ ಲೆಕ್ಕವಿಲ್ಲ. ಜೈಲಿಗೆ ಹೋಗಿ ಬಂದವರು, ನಾಟಕ ಕಂಪನಿಯಲ್ಲಿ ಹೆಣ್ಣುವೇಷ ಹಾಕಿದವರು, ರೈಲ್ವೆಯಲ್ಲಿ ಕೆಲಸ ಮಾಡಿದವರು. ಅತ್ತೆಗೆ ಅವರ್ಯಾರ ಮೇಲೂ ನಂಬಿಕೆಯಿರಲಿಲ್ಲ. ನಂಬಿಕೆ ಇಲ್ಲದ್ದರಿಂದಲೇ ಅಷ್ಟು ಆಸೆಯಿಂದ ಕೇಳುತ್ತಿದ್ದರು. ಒಬ್ಬರು ತಾವು ಬಾಲ್ಯದಲ್ಲಿ ದಿನಾ ಆರು ಮೈಲಿ ನಡೆದು ಶಾಲೆಗೆ ಹೋಗಿ, ಆರು ಮೈಲಿ ನಡೆದು ಬಂದು, ದನ ಮೇಯಿಸಿ, ಬುಡ್ಡಿದೀಪದಲ್ಲಿ ಓದುತ್ತಿದ್ದುದಾಗಿ ಬರೆದಿದ್ದರು.

“ತಡಿ ತಡಿ. ಇವನು ಊರಿಗೆ ವಾಪಸ್ ಬರೋ ಹೊತ್ಗೆ ದನವೇ ಕೊಟ್ಟಿಗೆಗೆ ಬಂದಿರ್ತವೆ. ಯಾವ ದನ ಮೇಯಿಸ್ದ?”

ಇನ್ನೊಬ್ಬರು ತಮ್ಮ ತಾಯಿ ಜೀವಮಾನದಲ್ಲಿ ಒಮ್ಮೆಯೂ ಗದರಲಿಲ್ಲ ಎಂದಿದ್ದರು. ಅತ್ತೆ ಚಿಪ್ಪನ್ನು ಬುಟ್ಟಿಗೆ ಎಸೆದು, “ಹಂಗಾದ್ರೆ ಇವನು ಬೇರೆ ಯಾರ್ದೋ ಮನೇಲಿ ಬೆಳ್ದವ್ನೆ” ಎಂದರು. ಹೆಂಗಸರು ಬಿದ್ದು ಬಿದ್ದು ನಕ್ಕರು.

ಅವರು ಪೂರಾ ಒಪ್ಪಿದ್ದು ಒಬ್ಬರನ್ನೇ, ಒಬ್ಬ ಹಳ್ಳಿ ಡಾಕ್ಟರನ್ನು. ಊರಿಗೆ ಕಾಲರಾ ಬಂದ ದಿನ ತಾನು ಹೆದರಿ, ಹೆಂಡತಿಗೆ ಹುಷಾರಿಲ್ಲವೆಂದು ನೆಪ ಹೇಳಿ, ಬೆಳಗಿನ ಬಸ್ಸು ಹತ್ತಿ ಓಡಿಹೋದೆ ಎಂದು ಆತ ಬರೆದಿದ್ದ. ನಾಲ್ಕು ದಿನವಾದ ಮೇಲೆ ಮರಳಿದರೆ ಪಕ್ಕದ ಮನೆಯ ಬಾಣಂತಿ ಸತ್ತಿದ್ದಳಂತೆ. ಪಡಸಾಲೆಯಲ್ಲಿ ಮಚ್ಚಿನ ಸದ್ದು ನಿಂತಿತು.

“ಇವನು ನಿಜದೋನು ಕಣೇ” ಎಂದರು ಅತ್ತೆ. ಅವರ ದನಿ ಬೇರೆಯಾಗಿತ್ತು. “ತನ್ ಮರ್ವಾದಿ ತಾನೇ ಕಳ್ಕೊಳೋಕೆ ಯಾರು ಸುಳ್ಳು ಹೇಳ್ತಾರೆ?”

ಅಂದಿನಿಂದ ನನಗೂ ಅದೇ ಅಳತೆಗೋಲಾಯಿತು. ಬರೆದವನು ತನಗೆ ವಿರುದ್ಧವಾಗಿ ಬಾಯಿ ಬಿಡುವ ಒಂದು ಜಾಗಕ್ಕಾಗಿ ಇವತ್ತಿಗೂ ಪುಟ ತಿರುವುತ್ತೇನೆ. ಅದು ಸಿಗದ ಪುಸ್ತಕವನ್ನು ಕಾದಂಬರಿಗಳ ಸಾಲಿನಲ್ಲಿ ಇಡುತ್ತೇನೆ.

ನನ್ನ ಅನುಮಾನ ಪುಸ್ತಕಗಳಲ್ಲೇ ನಿಲ್ಲುತ್ತಿರಲಿಲ್ಲ. ಚಿಪ್ಪು ಬಿಡಿಸಲು ಬರುತ್ತಿದ್ದವರಲ್ಲಿ ನಂಜಮ್ಮ ಎಂಬುವಳು ಒಬ್ಬಳು, ನಲವತ್ತರ ಆಸುಪಾಸಿನವಳು, ಮಾತು ಕಡಿಮೆ. ಅತ್ತೆ ಬೇರೆಲ್ಲರ ಕೈಕೆಲಸಕ್ಕೂ ಕೊಂಕು ತೆಗೆಯುತ್ತಿದ್ದರು, ಅವಳದಕ್ಕೆ ಇಲ್ಲ. ಹಬ್ಬಕ್ಕೆ ಎಲ್ಲರಿಗೂ ಕುಪ್ಪಸದ ಬಟ್ಟೆ ಕೊಟ್ಟರೆ ಅವಳಿಗೆ ಸೀರೆ. ಅವಳು ತಡವಾಗಿ ಬಂದರೂ ಅತ್ತೆ ತುಟಿ ಬಿಚ್ಚುತ್ತಿರಲಿಲ್ಲ. ಈ ಬಿಗಿಮುಖದ ಹೆಂಗಸಿನ ಮುಂದೆ ನಮ್ಮತ್ತೆ ಯಾಕಿಷ್ಟು ಮೆತ್ತಗಾಗುತ್ತಾರೆ ಎಂದು ನನಗೆ ಬಹಳ ದಿನದಿಂದ ಕೊರೆಯುತ್ತಿತ್ತು. ಗಂಡನನ್ನು ಕೇಳಿದರೆ, “ಅವಳ ಅಪ್ಪ ತಿಮ್ಮಯ್ಯ ನಮ್ಮ ಮನೇಲಿ ಆಳಾಗಿದ್ದ. ಮೂವತ್ತು ವರ್ಷಕ್ಕೂ ಹಿಂದೆ ನಮ್ಮ ಅಟ್ಟ ಸುಟ್ಟು ಹಾಕ್ದ. ಊರು ಬಿಡಿಸಿದ್ರು. ಇವಳು ಅಜ್ಜಿ ಹತ್ರ ಇಲ್ಲೇ ಉಳಿದ್ಲು. ಅವ್ವನಿಗೆ ಮಗಳ ಮೇಲೆ ಪಾಪ ಅನ್ಸಿರ್ಬೇಕು” ಎಂದರು. ಊರಲ್ಲಿ ನಂಜಮ್ಮನಿಗೆ ಅಟ್ಟ ಸುಟ್ಟೋನ ಮಗಳು ಎಂದೇ ಹೆಸರು. ಅವಳ ಎದುರಿಗೇ ಹಾಗೆ ಕರೆಯುತ್ತಿದ್ದರು.

ಮಳೆ ಇನ್ನೂ ಬಿಟ್ಟಿರಲಿಲ್ಲ. ಒಂದು ಮಧ್ಯಾಹ್ನ ಊರಿನ ಸಿದ್ದಪ್ಪ ಮೇಷ್ಟರು ಕೊಡೆ ಮಡಚುತ್ತಾ ಬಂದು ಹಳದಿ ರಟ್ಟಿನ ಒಂದು ತೆಳು ಪುಸ್ತಕ ಕೊಟ್ಟರು. ರಿಟೈರ್ ಆದ ಮೇಲೆ ತಮ್ಮ ಜೀವನ ಬರೆದು ತಿಪಟೂರಿನಲ್ಲಿ ಅಚ್ಚು ಹಾಕಿಸಿದ್ದರು.

“ನಮ್ಮೂರಿನ ಇತಿಹಾಸವೂ ಐತೆ ಹೊನ್ನಮ್ಮಾರೆ. ಎಲ್ಲ ನಾನು ಕಣ್ಣಾರೆ ಕಂಡದ್ದು. ನಿಮ್ಮ ಮನೆ ವಿಷ್ಯನೂ ಬಂದೈತೆ” ಎಂದು ಎದೆ ಸೆಟೆಸಿ ಹೇಳಿ ಹೋದರು.

ಪರಿಚಯದ ಮನುಷ್ಯನ ಪುಸ್ತಕ, ಅದರಲ್ಲೂ ನಮ್ಮ ಮನೆ. ಹೆಂಗಸರೆಲ್ಲ ಹತ್ತಿರ ಸರಿದರು. ನಾನು ನಮ್ಮ ಮನೆಯ ಹೆಸರಿದ್ದ ಪುಟ ಹುಡುಕಿ ತೆಗೆದೆ. ಮುಂದೆ ಏನಿದೆಯೆಂದು ಮೊದಲೇ ಕಣ್ಣಾಡಿಸದೆ ಓದಿಬಿಟ್ಟದ್ದು ನನ್ನ ತಪ್ಪು. ಮೇಷ್ಟರು ಹೀಗೆ ಬರೆದಿದ್ದರು: ಆ ಮನೆಯ ಆಳು ತಿಮ್ಮಯ್ಯನೆಂಬುವನು ಹೆಂಡದ ಅಮಲಿನಲ್ಲಿ ಬೀಡಿ ಸೇದುತ್ತಾ ಅಟ್ಟ ಹತ್ತಿದ. ಬೀಡಿಯ ಕಿಡಿಯಿಂದ ಒಂದು ವರ್ಷದ ಕೊಬ್ಬರಿಯೂ ಅರ್ಧ ಮನೆಯೂ ಭಸ್ಮವಾಯಿತು. ಕುಡಿತದ ಕೇಡಿಗೆ ನಾನು ಕಣ್ಣಾರೆ ಕಂಡ ನಿದರ್ಶನವಿದು.

ಓದಿ ತಲೆಯೆತ್ತಿದೆ. ನಂಜಮ್ಮ ಕೈಯಲ್ಲಿದ್ದ ಕಾಯಿಯನ್ನೇ ನೋಡುತ್ತಿದ್ದಳು. ಎಲ್ಲರೂ ಅತ್ತೆಯ ಪ್ರಶ್ನೆಗೆ ಕಾಯುತ್ತಿದ್ದೆವು. ದನ ಎಷ್ಟು ಹೊತ್ತಿಗೆ ಕೊಟ್ಟಿಗೆಗೆ ಬರುತ್ತದೆ ಎಂದು ಲೆಕ್ಕ ಹಾಕಿ ಕಂಡರಿಯದವರ ಸುಳ್ಳನ್ನೂ ಹಿಡಿಯುತ್ತಿದ್ದವರು, ತಮ್ಮ ಮನೆಯಲ್ಲೇ ನಡೆದದ್ದರ ಬಗ್ಗೆ ಒಂದು ಮಾತೂ ಕೇಳಲಿಲ್ಲ.

“ಸಾಕು, ಮುಚ್ಚು” ಎಂದು ಎದ್ದು ಒಳಗೆ ಹೋದರು.

ಅಲ್ಲಿಗೆ ನನಗೆ ಖಾತ್ರಿಯಾಯಿತು, ಇಲ್ಲೇನೋ ಇದೆ ಎಂದು. ಮೂರು ದಿನ ಓದು ನಿಂತಿತು. ಅತ್ತೆ ಸರಿಯಾಗಿ ಊಟ ಮಾಡಲಿಲ್ಲ. ನಾನು ಅವರ ಮುಖ ನೋಡಿದಾಗೆಲ್ಲ ಅವರು ಬೇರೆ ಕಡೆ ತಿರುಗುತ್ತಿದ್ದರು. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಕರುಣೆಗಿಂತ ಕುತೂಹಲವೇ ಹೆಚ್ಚಾಗಿತ್ತು.

ನಾಲ್ಕನೇ ದಿನ ಎಲ್ಲ ಹೆಂಗಸರೂ ಬಂದು ಕೂತ ಮೇಲೆ ಅತ್ತೆ ಹಳದಿ ಪುಸ್ತಕ ತಂದು ನನ್ನ ಮಡಿಲಿಗೆ ಹಾಕಿದರು. “ಸೀಸದಕಡ್ಡಿ ತಗಾ. ಆ ಪುಟದ ಪಕ್ಕ ಜಾಗ ಐತಾ? ನಾನು ಹೇಳಿದಂಗೆ ಬರಿ.”

ಅವರು ನಿಂತೇ ಹೇಳಿದರು. ನಾನು ಬರೆದೆ.

“ಇದು ಸುಳ್ಳು. ಆವತ್ತು ಮೇಷ್ಟ್ರು ಊರಲ್ಲೇ ಇರ್ಲಿಲ್ಲ, ತುರುವೇಕೆರೇಲಿ ಇದ್ರು. ಬೆಂಕಿ ಹಾಕಿದ್ದು ನಾನು.”

ನನ್ನ ಕೈ ನಿಂತಿತು. “ಬರಿ” ಎಂದರು.

ಬಿಟ್ಟು ಬಿಟ್ಟು ಹೇಳಿದ್ದು ಇಷ್ಟು. ಅವರಿಗಾಗ ಹದಿನಾರು ವರ್ಷ, ಮದುವೆಯಾಗಿ ಎಂಟು ತಿಂಗಳು. ತವರೂರು ಸಂಪಿಗೆ. ತಾಯಿಗೆ ಹುಷಾರಿಲ್ಲ ಎಂದು ಎರಡು ಸಲ ಹೇಳಿಕಳಿಸಿದ್ದರು. ಅವರ ಅತ್ತೆ, “ಕೊಬ್ಬರಿ ಇಳೀಲಿ, ಆಮ್ಯಾಕೆ ಹೋಗುವಂತೆ” ಎನ್ನುತ್ತಿದ್ದರು. ಅಟ್ಟದ ಕಾಯಿಗೆ ಶೀತ ಹಿಡಿಯದಿರಲೆಂದು ಕೆಳಗೆ ತೆಂಗಿನ ಸಿಪ್ಪೆಯ ಸಣ್ಣ ಹೊಗೆ ಹಾಕುವುದು ನಮ್ಮ ಕಡೆಯ ಪದ್ಧತಿ. ಆ ಹೊಗೆ ನೋಡಿಕೊಳ್ಳುವುದು ತಿಮ್ಮಯ್ಯನ ಕೆಲಸ. ಆವತ್ತು ಮಧ್ಯಾಹ್ನ ಮನೆಯವರೆಲ್ಲ ತೋಟಕ್ಕೆ ಹೋಗಿದ್ದರು, ತಿಮ್ಮಯ್ಯ ಹಗ್ಗ ಕಿತ್ತ ಕರುವಿನ ಹಿಂದೆ ಓಡಿದ್ದ. ಕಾವು ಜಾಸ್ತಿಯಾದರೆ ಕೊಬ್ಬರಿ ಬೇಗ ಆಗುತ್ತದೆ, ಬೇಗ ಆದರೆ ಬೇಗ ಕಳಿಸುತ್ತಾರೆ ಎಂದುಕೊಂಡು ಈ ಹುಡುಗಿ ಒಂದು ಮೊರದ ತುಂಬ ಚಿಪ್ಪು ತಂದು ಹೊಗೆಯ ಮೇಲೆ ಸುರಿದಳು. ಸಿಪ್ಪೆ ಹೊಗೆಯಾಡುತ್ತದೆ, ಚಿಪ್ಪು ಉರಿಯುತ್ತದೆ. ನಮ್ಮ ಸೀಮೆಯಲ್ಲಿ ಒಲೆ ಮುಟ್ಟಿದ ಪ್ರತಿಯೊಬ್ಬರಿಗೂ ಗೊತ್ತಿರುವ ವಿಷಯ. ಅವರಿಗೂ ಗೊತ್ತಿತ್ತು. ಇಷ್ಟು ಎತ್ತರಕ್ಕೆ ಉರಿಯುತ್ತದೆ ಎಂದು ಗೊತ್ತಿರಲಿಲ್ಲವಂತೆ.

“ತಿಮ್ಮಯ್ಯನ್ನ ಕೇಳಿದ್ರು, ಬೀಡಿ ಸೇದಿದ್ಯಾ ಅಂತ. ಬೆಳಿಗ್ಗೆ ಸೇದಿದ್ದೆ ಅಂದ. ಅಷ್ಟೇ ಸಾಕಾಯ್ತು ಅವರ್ಗೆ. ನಾನು ಕಂಬದ ಹಿಂದೆ ನಿಂತಿದ್ದೆ. ಬಾಯಿ ಬಿಡ್ಲಿಲ್ಲ.” ಅತ್ತೆ ಮುಂದುವರಿಸಿದರು: “ಮನೆ ಸುಟ್ಟೋಯ್ತಲ್ಲ, ಇರೋಕೆ ಜಾಗ ಇಲ್ಲ ಅಂತ ಮಾರ್ನೆ ದಿನ್ವೇ ನನ್ನ ಸಂಪಿಗೆಗೆ ಕಳ್ಸಿದ್ರು.”

ಅಂಚಿನಲ್ಲಿ ಜಾಗ ಸಾಲದೆ ನಾನು ಪುಟದ ಕೆಳಗೂ ಮೇಲೂ ಬರೆದಿದ್ದೆ. ನನಗೆ ಅಳು ಬರುತ್ತಿತ್ತು, ಅತ್ತೆಯ ಮೇಲೆ ಸಿಟ್ಟೂ ಬರುತ್ತಿತ್ತು. ನಂಜಮ್ಮ ಮಚ್ಚನ್ನು ಕೆಳಗಿಟ್ಟಳು.

“ಇಷ್ಟ್ ವರ್ಸ ಗೊತ್ತಿತ್ತಾ ನಿಮಗೆ?” ಎಂದಳು. ಅತ್ತೆ ಹೌದೆಂದು ತಲೆಯಾಡಿಸಿದರು. “ಸೀರೆ ಕೊಟ್ರಿ. ನಾನು ಏನೋ ಒಳ್ಳೆ ಮನಸು ಅನ್ಕಂಡಿದ್ದೆ.” ಆಮೇಲೆ ಎದ್ದು ನಿಂತು, “ನಂಗೆ ಹೇಳಿದ್ರೆ ಏನು ಬಂತು ಅಮ್ಮಾವ್ರೆ? ಅಪ್ಪ ಬದ್ಕವ್ನೆ. ಅವ್ನ ಮುಂದೆ ಹೇಳಿ” ಎಂದಳು.

ತಿಮ್ಮಯ್ಯ ಕೆಂಕೆರೆಯಲ್ಲಿ ಮಗನ ಜೊತೆ ಇದ್ದ. ಮಾರನೆಯ ದಿನ ನಾವು ಮೂವರೂ ಹೊರಟೆವು, ಅತ್ತೆ, ನಂಜಮ್ಮ, ನಾನು. ಚಿಕ್ಕನಾಯಕನಹಳ್ಳಿಗೆ ಒಂದು ಬಸ್ಸು, ಅಲ್ಲಿಂದ ಹುಳಿಯಾರಿನ ಕಡೆಗೆ ಇನ್ನೊಂದು. ಪುಸ್ತಕ ನನ್ನ ಕೈಯಲ್ಲಿತ್ತು. ಇಬ್ಬರು ಹೆಂಗಸರೂ ಒಂದೇ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಒಬ್ಬೊಬ್ಬರು ಒಂದೊಂದು ಕಡೆ ನೋಡುತ್ತಿದ್ದರು. ನಂಜಮ್ಮನಿಗೆ ಅತ್ತೆ ಅಲ್ಲಿ ಹೋಗಿ ಮಾತು ಬದಲಿಸುತ್ತಾರೆಂಬ ಗುಮಾನಿ. ಆ ಗುಮಾನಿ ನನಗೂ ಇಲ್ಲದಿರಲಿಲ್ಲ.

ಅತ್ತೆ ಬದಲಿಸಲಿಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ ನಾರಿನ ಹಗ್ಗ ಹೊಸೆಯುತ್ತಾ ಕೂತಿದ್ದ ಮುದುಕನ ಎದುರು, ನಿಂತುಕೊಂಡೇ, ಎಲ್ಲವನ್ನೂ ಹೇಳಿದರು. ನಾನು ಮೇಷ್ಟರು ಬರೆದದ್ದನ್ನೂ ಓದಿದೆ, ಪಕ್ಕದಲ್ಲಿ ನಾನು ಬರೆದದ್ದನ್ನೂ ಓದಿದೆ. ತಿಮ್ಮಯ್ಯನ ಒಂದು ಕಣ್ಣಿಗೆ ಪೊರೆ ಬಂದಿತ್ತು. ಎಲ್ಲ ಕೇಳಿ ಅವನು ಮೊದಲು ಅಂದದ್ದು:

“ಪುಸ್ತಕದಾಗೆ ನನ್ನ ಹೆಸ್ರು ಐತಾ? ಎಲ್ಲಿ ತೋರ್ಸಿ.”

ತೋರಿಸಿದೆ. ಹಗ್ಗ ಬದಿಗಿಟ್ಟು, ಕೈ ಒರೆಸಿಕೊಂಡು, ಅಚ್ಚಾದ ತನ್ನ ಹೆಸರಿನ ಮೇಲೆ ಬೆರಳಾಡಿಸಿದ. ಆಮೇಲೆ ಅತ್ತೆಯ ಕಡೆ ತಿರುಗಿ ಮೆಲ್ಲಗೆ ನಕ್ಕ.

“ನೀವು ಮೊದ್ಲಿಂದ್ಲೂ ಒಳ್ಳೇರು ಅಮ್ಮಾವ್ರೆ. ನನ್ನ ಮ್ಯಾಗ್ಲ ಮರುಕಕ್ಕೆ ಹಿಂಗೆ ಹೇಳಕ್ ಬಂದಿದೀರಿ. ಬುಡಿ, ಅದು ನಾನೇ ಮಾಡಿದ್ದು.”

“ಅಲ್ಲ ಕಣೋ ತಿಮ್ಮಯ್ಯ! ಚಿಪ್ಪು ಸುರ್ದೋಳು ನಾನು!”

“ನೀವು ಸುರ್ದಿರ್ಬೌದು. ಬೆಂಕಿ ಅದಕ್ ಮುಂಚೇನೇ ಹತ್ಕಂಡಿತ್ತು. ಅಟ್ಟದ ಮ್ಯಾಲೆ ಕಾಯಿ ಮಗಚಾಕ್ತಿದ್ದೆ, ಬಾಯಾಗೆ ಬೀಡಿ. ತುದಿ ಉದ್ರಿ ಅಟ್ಟಕ್ಕೆ ಹಾಸಿದ್ದ ಬಿದ್ರು ದಬ್ಬೆ ಸಂದಿಗೆ ಬಿತ್ತು. ನೋಡ್ದೆ. ಆರ್ಸಾನ ಅಂತ ಬಗ್ಗೋ ಹೊತ್ಗೆ ಕೆಳಗೆ ಕರ ಹಗ್ಗ ಕಿತ್ಕಂತು. ಬಿಳಿ ಕರ, ಹಣೇಲಿ ಕಂದು ಮಚ್ಚೆ. ಅದರ ಹಿಂದೆ ಓಡ್ದೆ.”

“ಆವತ್ತು ಎಲ್ಲರ ಮುಂದೆ ಬೆಳಿಗ್ಗೆ ಸೇದಿದ್ದು ಅಂದಿದ್ಯಲ್ಲೋ?”

“ಸುಳ್ಳು ಹೇಳಿದ್ದೆ ಕಣವ್ವ, ಹೆದ್ರಿ.”

ನಂಜಮ್ಮನಿಗೆ ತಡೆಯಲಾಗಲಿಲ್ಲ. “ಅಪ್ಪಾ, ಅವ್ರೇ ಬಂದು ಒಪ್ಕಂತಾವ್ರೆ! ನಂಗೆ ಬುದ್ಧಿ ಬಂದಾಗಿಂದ ಅಟ್ಟ ಸುಟ್ಟೋನ ಮಗಳು ಅಂತಾರೆ ಕಣಪ್ಪ. ಹೂಂ ಅನ್ನು!” ಎಂದು ಅವನ ಭುಜ ಹಿಡಿದು ಅಲುಗಾಡಿಸಿದಳು.

ಮುದುಕ ಅವಳ ಕೈಯನ್ನು ಭುಜದಿಂದ ಬಿಡಿಸಿದ. ಆಮೇಲೆ ಯಾರಿಗೆ ಹೇಳುತ್ತಿದ್ದಾನೆ ಎಂದು ತಿಳಿಯದ ಹಾಗೆ ಹೇಳಿದ: “ಅವತ್ತಿಂದ ಬೀಡಿ ಮುಟ್ಟಿಲ್ಲ ನಾನು. ಯಾರ ಮನೆ ಅಟ್ಟಾನೂ ಹತ್ತಿಲ್ಲ, ಕರೆದ್ರೂ ಹತ್ತಿಲ್ಲ. ಸಿವರಾತ್ರಿ ಸಿವರಾತ್ರಿಗೂ ನಿಮ್ಮ ಮನೆ ಹೆಸ್ರೇಳಿ ಕಾಯಿ ಒಡೀತೀನಿ, ತಪ್ಪಾಯ್ತು ಅಂತ. ಈಗ ಬಂದು ನೀನಲ್ಲ ಅಂದ್ರೆ ಇಷ್ಟು ವರ್ಸ ನಾನು ಮಾಡಿದ್ದೇನು?”

ಅವನು ಹಗ್ಗ ಮತ್ತೆ ಕೈಗೆತ್ತಿಕೊಂಡ. ನಂಜಮ್ಮ ಅಪ್ಪನ ಮನೆಯಲ್ಲೇ ಉಳಿದಳು, ನಮ್ಮನ್ನು ಬಸ್ಸಿನ ತನಕ ಕಳಿಸಲೂ ಬರಲಿಲ್ಲ.

ಅತ್ತೆ, ನಾನು ರಸ್ತೆಗೆ ಬಂದು ಹುಣಸೆ ಮರದ ಕೆಳಗೆ ನಿಂತೆವು. ಮಳೆ ಬಿಟ್ಟಿತ್ತು, ಬಿಸಿಲು ಚುರುಗುಟ್ಟುತ್ತಿತ್ತು. ನನ್ನ ತಲೆಯಲ್ಲಿ ಆ ಬಿಳಿ ಕರು ಓಡಾಡುತ್ತಿತ್ತು, ಹಣೆಯ ಕಂದು ಮಚ್ಚೆಯ ಸಮೇತ. ದಬ್ಬೆಯ ಸಂದಿಗೆ ಬಿದ್ದ ಕಿಡಿ ನಾನೇ ನೋಡಿದಷ್ಟು ಸ್ಪಷ್ಟವಾಗಿತ್ತು. ಅತ್ತೆ ಹೇಳಿದ್ದರಲ್ಲಿ ಒಂದು ಮೊರ ಚಿಪ್ಪಿನ ಹೊರತು ಬೇರೇನೂ ಕಾಣುತ್ತಿರಲಿಲ್ಲ. ಅವರಿಗೆ ಸಾಕ್ಷಿಯೂ ಇರಲಿಲ್ಲ. ಎಷ್ಟೋ ವರ್ಷ ಎದೆಯಲ್ಲಿಟ್ಟುಕೊಂಡಿದ್ದನ್ನು ಕೊನೆಗೆ ಹೊರಗೆ ಹಾಕಿದರೆ, ಅದನ್ನು ತೆಗೆದುಕೊಳ್ಳುವವರು ಯಾರೂ ಇರಲಿಲ್ಲ.

“ಸುಸೀಲ” ಎಂದರು. ಅವರ ದನಿಯಲ್ಲಿ ಬೇಡಿಕೆ ಇದ್ದುದನ್ನು ನಾನು ಕೇಳಿದ್ದು ಅದೊಂದೇ ಸಲ. “ನೀನಾದ್ರೂ ನನ್ ಮಾತು ನಂಬ್ತೀಯೇನೇ?”

“ನಂಬ್ತೀನಿ ಅತ್ತೆ” ಎಂದೆ.

ಆದರೆ ಹಾಗೆನ್ನುವ ಮುಂಚೆ ಸ್ವಲ್ಪ ತಡವಾಯಿತು. ಬಹಳ ಹೊತ್ತೇನಲ್ಲ, ಒಂದು ಸಲ ಉಸಿರೆಳೆದುಕೊಳ್ಳುವಷ್ಟು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನೋಡಿ, ಸೆರಗು ಸರಿಮಾಡಿಕೊಂಡು, ರಸ್ತೆಯ ಕಡೆ ತಿರುಗಿದರು.

“ಬಸ್ಸು ಬಂತು, ನಡಿ” ಎಂದರು. ಬಸ್ಸು ಇನ್ನೂ ಬಂದಿರಲಿಲ್ಲ.